ಕಜುವಿಗೆ ಕಿರೀಟ, ಸಾವಾಗೆ ಹಿಂದಿನ ಸೀಟು

2012ರ ಜುಲೈ. ಲಂಡನ್ ಒಲಿಂಪಿಕ್ಸ್‌ಗೆ ಹೊರಟ ಜಪಾನಿನ ಎರಡು ಫುಟ್‌ಬಾಲ್ ತಂಡಗಳು ಟೋಕಿಯೊದಲ್ಲಿ ಒಂದೇ ವಿಮಾನ ಹತ್ತಿದವು. ಪ್ಯಾರಿಸ್‌ವರೆಗೆ ಹನ್ನೆರಡು ಹದಿಮೂರು ಗಂಟೆಯ ಪ್ರಯಾಣ. ಗಂಡಸರ ತಂಡದಲ್ಲಿದ್ದವರು ಬಹುತೇಕ 23 ವರ್ಷದೊಳಗಿನ ಹುಡುಗರು, ಇನ್ನೂ ಹೆಸರು ಮಾಡಬೇಕಿದ್ದವರು. ಅವರಿಗೆ ಬಿಸಿನೆಸ್ ಕ್ಲಾಸ್. ಹೆಂಗಸರ ತಂಡ ಹಿಂದಿನ ವರ್ಷವಷ್ಟೇ ವಿಶ್ವಕಪ್ ಗೆದ್ದು ಬಂದಿತ್ತು. ಅವರಿಗೆ ಎಕಾನಮಿ.

ಆ ಹಿಂದಿನ ಸೀಟುಗಳಲ್ಲೊಂದರಲ್ಲಿ ಕುಳಿತಿದ್ದವರು ಹೊಮಾರೆ ಸಾವಾ. ವಯಸ್ಸು 33. ವಿಶ್ವಕಪ್‌ನ ಅತ್ಯುತ್ತಮ ಆಟಗಾರ್ತಿ, ಅದೇ ಕೂಟದಲ್ಲಿ ಅತಿ ಹೆಚ್ಚು ಗೋಲು ಹೊಡೆದವರು, ಫಿಫಾದ ವರ್ಷದ ಆಟಗಾರ್ತಿ. ಸುದ್ದಿಗಾರರು ಸೀಟಿನ ವಿಷಯ ಕೇಳಿದಾಗ, ಇದು ತಿರುವುಮುರುವಾಗಿ ಇರಬೇಕಿತ್ತೇನೋ, ವಯಸ್ಸಿನಲ್ಲಾದರೂ ನಾವೇ ದೊಡ್ಡವರಲ್ಲವೇ ಎಂಬರ್ಥದ ಮಾತು ಹೇಳಿದರು. ನನಗೆ ಈ ಕತೆಯಲ್ಲಿ ಚುಚ್ಚುವುದು ಸೀಟಿಗಿಂತ ಆ ಮಾತು. ಕಪ್ ಗೆದ್ದವರು ನಾವು ಎಂದು ಅವರು ಹೇಳಲಿಲ್ಲ. ಹಿರಿಯರಿಗೆ ತಲೆಬಾಗುವ ದೇಶದಲ್ಲಿ ವಯಸ್ಸನ್ನು ಮುಂದಿಟ್ಟರು. ಕಪ್ಪು ನಡೆಯದ ಕಡೆ ವಯಸ್ಸಾದರೂ ನಡೆದೀತು ಎಂಬ ಲೆಕ್ಕ ಇರಬಹುದು.

ಗಂಡಸರು ವೃತ್ತಿಪರರು, ಅದಕ್ಕೇ ಬಿಸಿನೆಸ್ ಕ್ಲಾಸ್ ಎಂಬುದು ಆಗ ಕೊಟ್ಟ ಕಾರಣ. ಹೆಂಗಸರು ಲಂಡನ್ನಿನಲ್ಲಿ ಬೆಳ್ಳಿ ಗೆದ್ದರು. ವೆಂಬ್ಲಿಯ ಫೈನಲ್ ನೋಡಲು 80,203 ಜನ ಬಂದಿದ್ದರು. ಮನೆಗೆ ಮರಳುವಾಗ ಅವರಿಗೂ ಬಿಸಿನೆಸ್ ಕ್ಲಾಸ್ ಸಿಕ್ಕಿತು. ಗಂಡಸರ ತಂಡ ಕಂಚಿನ ಪಂದ್ಯದಲ್ಲಿ ಕೊರಿಯಾಕ್ಕೆ ಸೋತು ನಾಲ್ಕನೆಯದಾಯಿತು. ಅಂದರೆ ಒಬ್ಬರಿಗೆ ಹೋಗುವಾಗಲೇ ಸಿಕ್ಕ ಸೀಟನ್ನು ಇನ್ನೊಬ್ಬರು ಪದಕ ತೋರಿಸಿ ಕೊಳ್ಳಬೇಕಾಯಿತು.

ಈ ಪ್ರಸಂಗ ಹೇಳಿದಾಗಲೆಲ್ಲ ನನಗೆ ಸಿಗುವ ಉತ್ತರ ಒಂದೇ. ಫುಟ್‌ಬಾಲ್ ಹುಚ್ಚಿನ ಗೆಳೆಯರೊಬ್ಬರು ಮೊನ್ನೆ ಕೂಡ ಅದನ್ನೇ ಅಂದರು: "ಅನ್ಯಾಯ ಅಂತ ನೀವು ಬರೀತೀರಿ. ಆದರೆ ಗಂಡಸರ ಆಟಕ್ಕೆ ಜನಪ್ರಿಯತೆ ಇದೆ, ದುಡ್ಡು ಅಲ್ಲಿಂದ ಬರುತ್ತೆ. ಜನ ಯಾರನ್ನ ಇಷ್ಟಪಡಬೇಕು ಅಂತ ನೀವೂ ನಾನೂ ಹೇಳೋಕಾಗುತ್ತಾ?"

ಮೇಲುನೋಟಕ್ಕೆ ಇದು ತುಂಬ ಸಭ್ಯವಾದ ಮಾತು. ಜನರ ಇಷ್ಟವನ್ನು ಮಳೆಯ ಹಾಗೆ ಕಾಣುತ್ತದೆ: ಎಲ್ಲಿ ಬೀಳುತ್ತದೋ ಅಲ್ಲಿ ಬೀಳುತ್ತದೆ, ಯಾರನ್ನೂ ದೂರುವಂತಿಲ್ಲ. ಈ ಮಾತು ಸುಳ್ಳು. ಜನರ ಇಷ್ಟ ಮಳೆಯಲ್ಲ, ಕಾಲುವೆಯ ನೀರು. ತೂಬು ಯಾರ ಕೈಯಲ್ಲಿದೆ ಎಂದು ಕೇಳಬಹುದು, ಕೇಳಲೇಬೇಕು. ಅದಕ್ಕೆ ಜಪಾನಿನಷ್ಟು ಸ್ಪಷ್ಟವಾದ ಉದಾಹರಣೆ ಬೇರೆ ಸಿಗುವುದು ಕಷ್ಟ. ಯಾಕೆಂದರೆ ಅಲ್ಲಿನ ಅತ್ಯಂತ ಜನಪ್ರಿಯ ಆಟಗಾರನೂ ಅತ್ಯಂತ ಸಾಧನೆಯ ಆಟಗಾರ್ತಿಯೂ ಒಂದೇ ಕ್ಲಬ್ಬಿನವರು.

ಜನಪ್ರಿಯ ಆಟಗಾರ ಎಂದರೆ ಯಾರು ಎಂದು ಜಪಾನಿನಲ್ಲಿ ಹೇಳಬೇಕಾಗಿಲ್ಲ. ಕಜುಯೊಶಿ ಮಿಯುರಾ, 'ಕಿಂಗ್ ಕಜು'. 1967ರ ಫೆಬ್ರವರಿ 26ರಂದು ಶಿಜುಓಕಾದಲ್ಲಿ ಹುಟ್ಟಿದವರು. 1982ರಲ್ಲಿ, ಹದಿನೈದನೇ ವಯಸ್ಸಿಗೆ, ಹೈಸ್ಕೂಲು ಬಿಟ್ಟು ಒಬ್ಬರೇ ಬ್ರೆಜಿಲ್‌ಗೆ ಹೊರಟುಹೋದರು. ಅಲ್ಲಿ ಪೆಲೆಯ ಕ್ಲಬ್ ಆಗಿದ್ದ ಸಾಂಟೋಸ್‌ನೊಂದಿಗೆ ಒಪ್ಪಂದವಾಯಿತು, ಸಣ್ಣಪುಟ್ಟ ಕ್ಲಬ್ಬುಗಳಲ್ಲಿ ಅಲೆದಾಟವೂ ಆಯಿತು. 1990ರಲ್ಲಿ ತಾಯ್ನಾಡಿಗೆ ಮರಳಿ ಯೊಮಿಉರಿ ಕ್ಲಬ್ ಸೇರಿದರು. ರಾಷ್ಟ್ರೀಯ ತಂಡಕ್ಕೆ 89 ಪಂದ್ಯ, 55 ಗೋಲು. 2017ರ ಮಾರ್ಚ್ 12ರಂದು, 50 ವರ್ಷ 14 ದಿನದ ವಯಸ್ಸಿನಲ್ಲಿ ಜಪಾನಿನ ಎರಡನೇ ದರ್ಜೆಯ ಲೀಗ್‌ನಲ್ಲಿ ಗೋಲು ಹೊಡೆದು, ಇಂಗ್ಲೆಂಡಿನ ಸ್ಟ್ಯಾನ್ಲಿ ಮ್ಯಾಥ್ಯೂಸ್ ಹೆಸರಿನಲ್ಲಿದ್ದ ದಾಖಲೆ ಮುರಿದರು. 2025ರಲ್ಲಿ 58ನೇ ವಯಸ್ಸಿಗೂ ನಾಲ್ಕನೇ ದರ್ಜೆಯ ಲೀಗ್‌ನಲ್ಲಿ ಅಂಗಿ ತೊಟ್ಟು ಇಳಿಯುತ್ತಿದ್ದರು. ಅವರು ಯೊಕೊಹಾಮಾ ಎಫ್‌ಸಿಯಲ್ಲಿದ್ದ ಕಾಲದಲ್ಲಿ, ಅವರ ಅಂಗಿಯ ಸಂಖ್ಯೆ 11 ಎಂಬ ಕಾರಣಕ್ಕೆ, ಒಪ್ಪಂದ ನವೀಕರಣದ ಸುದ್ದಿಯನ್ನು ಜನವರಿ 11ರಂದು ಬೆಳಗ್ಗೆ 11 ಗಂಟೆ 11 ನಿಮಿಷಕ್ಕೆ ಪ್ರಕಟಿಸುವುದು ವಾಡಿಕೆಯೇ ಆಗಿತ್ತು. ನಮ್ಮ ರಜನಿಕಾಂತ್ ಸಿನಿಮಾದ ಮೊದಲ ಶೋ ನೆನಪಾದರೆ ತಪ್ಪಿಲ್ಲ.

ನನಗೆ ಕಜು ಬಗ್ಗೆ ಯಾವ ಅಸೂಯೆಯೂ ಇಲ್ಲ. ಅಂಥ ಹಟ, ಅಂಥ ಶಿಸ್ತು ಇರುವ ಮನುಷ್ಯನನ್ನು ಒಂದು ದೇಶ ಪ್ರೀತಿಸಿದರೆ ಅದು ಆ ದೇಶದ ಒಳ್ಳೆಯತನ. ಆದರೆ ಆ ಪ್ರೀತಿಯನ್ನು ಸಾಧನೆಯ ಪಟ್ಟಿಯೊಂದಿಗೆ ಇಟ್ಟು ನೋಡಿ. ಕುನಿಶಿಗೆ ಕಮಾಮೊಟೊ ಎಂಬವರು 1968ರ ಮೆಕ್ಸಿಕೊ ಒಲಿಂಪಿಕ್ಸ್‌ನಲ್ಲಿ 7 ಗೋಲು ಹೊಡೆದು ಕೂಟದಲ್ಲೇ ಮೊದಲಿಗರಾದರು, ಜಪಾನ್ ಕಂಚು ಗೆದ್ದಿತು. ಜಪಾನ್ ಫುಟ್‌ಬಾಲ್ ಸಂಸ್ಥೆಯ ಲೆಕ್ಕದಲ್ಲಿ ಅವರದು 76 ಪಂದ್ಯಗಳಿಗೆ 75 ಗೋಲು. ಹಿದೆತೊಶಿ ನಕಾತಾ 2001ರಲ್ಲಿ ರೋಮಾ ಜೊತೆ ಇಟಲಿಯ ಲೀಗ್ ಗೆದ್ದರು. ಶಿಂಜಿ ಒಕಾಜಾಕಿ 2016ರಲ್ಲಿ ಲೆಸ್ಟರ್ ಸಿಟಿಯೊಂದಿಗೆ ಇಂಗ್ಲೆಂಡಿನ ಪ್ರೀಮಿಯರ್ ಲೀಗ್ ಗೆದ್ದರು, ದೇಶಕ್ಕೆ 50 ಗೋಲು ಹೊಡೆದರು. ಕಜು ವಿಶ್ವಕಪ್‌ನಲ್ಲಿ ಒಂದು ನಿಮಿಷವೂ ಆಡಿಲ್ಲ. 1993ರ ಅಕ್ಟೋಬರ್ 28ರಂದು ದೋಹಾದಲ್ಲಿ ಇರಾಕ್ ವಿರುದ್ಧ ಗೆಲುವು ಕೈಯಲ್ಲಿದ್ದಾಗ ಕೊನೇ ಕ್ಷಣದಲ್ಲಿ ಗೋಲು ಬಿಟ್ಟುಕೊಟ್ಟು ಜಪಾನ್ ವಿಶ್ವಕಪ್ ಕಳೆದುಕೊಂಡಿತು. ಅವತ್ತಿನ ಮೊದಲ ಗೋಲು ಕಜು ಅವರದೇ. 1998ರಲ್ಲಿ ದೇಶ ಮೊದಲ ಸಲ ವಿಶ್ವಕಪ್‌ಗೆ ಹೋದಾಗ ಕೋಚ್ ತಕೇಶಿ ಒಕಾದಾ ಅವರನ್ನು ಕೊನೆಯ ಹೊತ್ತಿನಲ್ಲಿ ತಂಡದಿಂದ ಕೈಬಿಟ್ಟರು.

ಆದರೂ ರಾಜ ಅಂದರೆ ಕಜುವೇ. ಹಾಗಾದರೆ ಜನಪ್ರಿಯತೆ ಸಾಧನೆಯ ತೂಕಕ್ಕೆ ಸಿಗುವ ವಸ್ತು ಅಲ್ಲ ಎಂಬುದು ಗಂಡಸರ ಆಟದಲ್ಲೇ ಸಾಬೀತಾಯಿತು. ಮತ್ತೇಕೆ ಸಿಗುತ್ತದೆ? ಇಲ್ಲಿ ಸ್ವಲ್ಪ ನಿಲ್ಲೋಣ.

1993ರ ಮೇ 15ರಂದು ಟೋಕಿಯೊದ ರಾಷ್ಟ್ರೀಯ ಕ್ರೀಡಾಂಗಣದಲ್ಲಿ ಜೆ-ಲೀಗ್ ಶುರುವಾಯಿತು. ಕಜು ಆಡುತ್ತಿದ್ದ ವರ್ಡಿ ಕವಾಸಾಕಿಗೂ ಯೊಕೊಹಾಮಾ ಮರಿನೋಸ್‌ಗೂ ನಡುವಿನ ಮೊದಲ ಪಂದ್ಯಕ್ಕೆ 59,626 ಜನ. ಅದಕ್ಕೆ ಮುಂಚಿನ ಜಪಾನಿನ ಫುಟ್‌ಬಾಲ್ ಲೀಗು ಕಂಪೆನಿ ತಂಡಗಳ ಆಟ. ಹಗಲು ಕಚೇರಿ, ಸಂಜೆ ಅಭ್ಯಾಸ, ಗ್ಯಾಲರಿಯಲ್ಲಿ ಒಂದಷ್ಟು ಸಹೋದ್ಯೋಗಿಗಳು. ಬೇಸ್‌ಬಾಲ್ ದೇಶದಲ್ಲಿ ಫುಟ್‌ಬಾಲ್‌ಗೆ ಜನರಿರಲಿಲ್ಲ. ಜನ ಬರಲಿ, ಆಮೇಲೆ ಲೀಗ್ ಮಾಡೋಣ ಎಂದು ಯಾರೂ ಕಾಯಲಿಲ್ಲ. ಹತ್ತು ಕ್ಲಬ್ಬುಗಳನ್ನು ಕಟ್ಟಿದರು. ಬ್ರೆಜಿಲ್‌ನಿಂದ ಜೀಕೊ, ಇಂಗ್ಲೆಂಡಿನಿಂದ ಗ್ಯಾರಿ ಲಿನೆಕರ್, ಜರ್ಮನಿಯಿಂದ ಲಿಟ್‌ಬಾರ್ಸ್ಕಿಯನ್ನು ಕರೆಸಿದರು. ಟೀವಿಯಲ್ಲಿ ಪಂದ್ಯ, ಪಂದ್ಯದ ನಡುವೆ ಆಟಗಾರರ ಜಾಹೀರಾತು, ಅಂಗಡಿಯಲ್ಲಿ ಆಟಗಾರರ ಕಾರ್ಡು ಇಟ್ಟ ಆಲೂಗಡ್ಡೆ ಚಿಪ್ಸ್ ಪೊಟ್ಟಣ. ವರ್ಡಿಯ ಬೆನ್ನಿಗೆ ಇದ್ದದ್ದು ದೇಶದ ಅತಿ ದೊಡ್ಡ ದಿನಪತ್ರಿಕೆ ಯೊಮಿಉರಿ ಮತ್ತು ಅದೇ ಬಳಗದ ನಿಪ್ಪಾನ್ ಟೀವಿ. ಇಂಥ ಬೆಳಕಿನ ಮಧ್ಯೆ ಗೋಲು ಹೊಡೆದ ಮೇಲೆ ಕುಣಿಯುವ, ಮೊದಲ ವರ್ಷದ ಶ್ರೇಷ್ಠ ಆಟಗಾರ ಪ್ರಶಸ್ತಿ ಪಡೆಯಲು ಕಡುಗೆಂಪು ಸೂಟು ತೊಟ್ಟು ಬರುವ ಕಜು ನಿಂತಿದ್ದರು. ಬೆಳಕನ್ನು ಬಳಸಿಕೊಳ್ಳುವ ಜಾಣ್ಮೆ ಅವರದು, ಒಪ್ಪಿದೆ. ದೀಪ ಹಚ್ಚಿದವರು ಬೇರೆ.

ಇನ್ನೊಂದು ಉದಾಹರಣೆ ಕೊಡುತ್ತೇನೆ. 1994ರಲ್ಲಿ ಅವರು ಇಟಲಿಯ ಜೆನೋವಾ ಕ್ಲಬ್ಬಿಗೆ ಹೋದರು, ಸೀರಿ ಆ ಲೀಗ್‌ನಲ್ಲಿ ಆಡಿದ ಮೊದಲ ಜಪಾನೀಯ. ಆ ವರ್ಷ ಜೆನೋವಾದ ಅಂಗಿಯ ಮೇಲಿದ್ದ ಹೆಸರು ಕೆನ್‌ವುಡ್, ಜಪಾನಿನ ಎಲೆಕ್ಟ್ರಾನಿಕ್ಸ್ ಕಂಪೆನಿ. ಮೊದಲ ಪಂದ್ಯದಲ್ಲೇ ಮಿಲಾನ್‌ನ ಬರೇಸಿಗೆ ಡಿಕ್ಕಿ ಹೊಡೆದು ಮೂಗು ಮುರಿದುಕೊಂಡರು. ಆ ಸೀಸನ್ನಿನಲ್ಲಿ ಲೀಗ್‌ನಲ್ಲಿ ಹೊಡೆದದ್ದು ಒಂದೇ ಗೋಲು. ಅದೃಷ್ಟಕ್ಕೆ ಅದು ಊರಿನ ಎದುರಾಳಿ ಸಂಪ್‌ದೋರಿಯಾ ವಿರುದ್ಧ. ಆ ಒಂದು ಗೋಲು ಜಪಾನಿಗೆ ಇವತ್ತಿಗೂ ನೆನಪಿದೆ. ತಪ್ಪೇನಿಲ್ಲ. ಕ್ಯಾಮೆರಾ ಇದ್ದ ಕಡೆ ಒಂದು ಗೋಲೂ ಉಳಿಯುತ್ತದೆ.

ಈಗ ಅದೇ ಕ್ಲಬ್ಬಿನ ಇನ್ನೊಂದು ಬಾಗಿಲಿನಿಂದ ಒಳಗೆ ಬನ್ನಿ.

ಯೊಮಿಉರಿ ಕ್ಲಬ್ಬಿಗೆ 1981ರಿಂದಲೇ ಹೆಂಗಸರ ತಂಡವೊಂದಿತ್ತು, ಹೆಸರು ಬೆಲೇಜಾ. ಪೋರ್ಚುಗೀಸ್‌ನಲ್ಲಿ ಸೌಂದರ್ಯ ಎಂದರ್ಥ. ಕಜು ಬ್ರೆಜಿಲ್‌ನಿಂದ ಬಂದ ಮರುವರ್ಷ, 1991ರಲ್ಲಿ, ಟೋಕಿಯೊದ ಫುಚು ಎಂಬಲ್ಲಿನ ಹನ್ನೆರಡು ವರ್ಷದ ಹುಡುಗಿಯೊಬ್ಬಳು ಬೆಲೇಜಾ ಸೇರಿದಳು. ಅವಳೇ ಹೊಮಾರೆ ಸಾವಾ. ಹೆಸರನ್ನು ಬರೆಯುವ ಎರಡು ಅಕ್ಷರಗಳಲ್ಲಿ ಒಂದರ ಅರ್ಥ ತೆನೆ, ಇನ್ನೊಂದರದು ಆಶೆ. 1993ರ ಡಿಸೆಂಬರಿನಲ್ಲಿ, ಕಜುವಿನ ಕ್ಲಬ್ಬು ಜೆ-ಲೀಗ್‌ನ ಮೊದಲ ವರ್ಷದ ಉತ್ಸವದಲ್ಲಿ ಮುಳುಗಿದ್ದಾಗ, ಈ ಹುಡುಗಿ ಹದಿನೈದನೇ ವಯಸ್ಸಿಗೆ ದೇಶದ ತಂಡಕ್ಕೆ ಮೊದಲ ಪಂದ್ಯ ಆಡಿ ಫಿಲಿಪ್ಪೀನ್ಸ್ ವಿರುದ್ಧ ನಾಲ್ಕು ಗೋಲು ಹೊಡೆದಳು. ಹದಿನೈದಕ್ಕೆ ಬ್ರೆಜಿಲ್‌ಗೆ ಹೋದ ಹುಡುಗನ ಕತೆ ದೇಶದ ದಂತಕತೆ. ಹದಿನೈದಕ್ಕೆ ನಾಲ್ಕು ಗೋಲು ಹೊಡೆದ ಹುಡುಗಿಯ ಕತೆ?

ಸುಮಾರು ಏಳು ವರ್ಷ ಇಬ್ಬರೂ ಒಂದೇ ಕ್ಲಬ್ಬಿನ ಅಂಗಿ ತೊಟ್ಟರು. ಮಾಲೀಕರು ಒಂದೇ, ಪತ್ರಿಕೆ ಒಂದೇ, ಟೀವಿ ಒಂದೇ. ಯಾರನ್ನು ತೋರಿಸಬೇಕು ಎಂದು ಪ್ರೇಕ್ಷಕರು ಮತ ಹಾಕಿದ್ದು ನನಗೆ ಗೊತ್ತಿಲ್ಲ.

ಆಮೇಲೆ ಹಣದ ಗುಳ್ಳೆ ಒಡೆಯಿತು. ತೊಂಬತ್ತರ ದಶಕದ ಮೊದಲ ವರ್ಷಗಳಲ್ಲಿ ಜಪಾನಿನ ಹೆಂಗಸರ ಲೀಗ್‌ನಲ್ಲೂ ದುಡ್ಡಿತ್ತು, ವಿದೇಶಿ ತಾರೆಯರೂ ಬಂದು ಆಡುತ್ತಿದ್ದರು. ಕಂಪೆನಿಗಳಿಗೆ ಕಷ್ಟ ಬಂದ ಕೂಡಲೇ ಮೊದಲು ಕತ್ತರಿ ಬಿದ್ದದ್ದು ಇಲ್ಲಿ. ನಿಕ್ಕೊ ಸೆಕ್ಯುರಿಟೀಸ್, ಫುಜಿತಾ, ಸುಜುಯೊ ಮುಂತಾದ ಕಂಪೆನಿಗಳು ತೊಂಬತ್ತರ ದಶಕದ ಕೊನೆಗೆ ಒಂದರ ಹಿಂದೊಂದು ಕೈತೊಳೆದುಕೊಂಡವು, ತಂಡಗಳೇ ಮುಚ್ಚಿದವು. ಹೆಂಗಸರ ತಂಡ 2000ದ ಸಿಡ್ನಿ ಒಲಿಂಪಿಕ್ಸ್‌ಗೆ ಅರ್ಹತೆಯನ್ನೂ ಪಡೆಯಲಿಲ್ಲ. ಸಾವಾ 1999ರಲ್ಲಿ ಅಮೆರಿಕಕ್ಕೆ ಹೋದರು. ಅಲ್ಲಿ ಹೊಸದಾಗಿ ಶುರುವಾದ ವೃತ್ತಿಪರ ಲೀಗ್‌ನಲ್ಲಿ ಅಟ್ಲಾಂಟಾ ತಂಡಕ್ಕೆ ಆಡಿದರು. ಆ ಲೀಗೂ 2003ರಲ್ಲಿ ನಿಂತುಹೋಯಿತು.

ಗಂಡಸರ ಲೀಗ್‌ಗೆ ಕಷ್ಟ ಬರಲಿಲ್ಲವೇ? ಬಂತು. ಚೆನ್ನಾಗಿಯೇ ಬಂತು. 1994ರಲ್ಲಿ ಜೆ-ಲೀಗ್ ಪಂದ್ಯಕ್ಕೆ ಸರಾಸರಿ 19,598 ಜನ ಬರುತ್ತಿದ್ದರು, 1997ರ ಹೊತ್ತಿಗೆ ಅದು 10,131ಕ್ಕೆ ಇಳಿಯಿತು. ಮೂರೇ ವರ್ಷದಲ್ಲಿ ಅರ್ಧ ಗ್ಯಾಲರಿ ಖಾಲಿ. 1998ರ ಕೊನೆಗೆ ಯೊಕೊಹಾಮಾ ಫ್ಲೂಗಲ್ಸ್ ಎಂಬ ಕ್ಲಬ್ಬು ಇನ್ನೊಂದರಲ್ಲಿ ವಿಲೀನವಾಗಿ ಇಲ್ಲವಾಯಿತು, ಯೊಮಿಉರಿ ಪತ್ರಿಕೆಯೂ ವರ್ಡಿಯಿಂದ ಹೊರಬಂತು. ಆಗ ಯಾರಾದರೂ, ಜನ ನೋಡುತ್ತಿಲ್ಲ, ಲೀಗ್ ಮುಚ್ಚೋಣ ಎಂದರೇ? 'ನೂರು ವರ್ಷದ ಕನಸು' ಎಂಬ ಘೋಷಣೆ ಹೊರಟಿದ್ದು ಅದೇ ಇಳಿಗಾಲದಲ್ಲಿ. 2002ರ ವಿಶ್ವಕಪ್‌ಗಾಗಿ ಜಪಾನಿನಲ್ಲಿ ಹತ್ತು ಕ್ರೀಡಾಂಗಣಗಳು ಸಜ್ಜಾದವು. ಎರಡನೇ ದರ್ಜೆ, ಮೂರನೇ ದರ್ಜೆ ಲೀಗ್‌ಗಳು ಬಂದವು. ಗಂಡಸರ ಆಟಕ್ಕೆ ಜನ ಕಡಿಮೆಯಾದಾಗ ಅದು 'ಸಮಸ್ಯೆ', ಪರಿಹಾರ ಹುಡುಕಬೇಕು. ಹೆಂಗಸರ ಆಟಕ್ಕೆ ಜನ ಕಡಿಮೆಯಾದಾಗ ಅದು 'ವಾಸ್ತವ', ಒಪ್ಪಿಕೊಳ್ಳಬೇಕು. ಸೋಲಲು ಸಿಗುವ ಸಮಯವೇ ದೊಡ್ಡ ಬಂಡವಾಳ. ಅದು ಒಂದು ಕಡೆಗೆ ಮಾತ್ರ ಸಿಕ್ಕಿತು.

ಇನ್ನು ಜನ ನೋಡುವುದಿಲ್ಲ ಎಂಬ ಮಾತು. 2004ರ ಏಪ್ರಿಲ್‌ನಲ್ಲಿ ಅಥೆನ್ಸ್ ಒಲಿಂಪಿಕ್ಸ್ ಅರ್ಹತೆಗೆ ಜಪಾನ್ ಉತ್ತರ ಕೊರಿಯಾವನ್ನು ಎದುರಿಸಿತು. ಸಾವಾ ಮಂಡಿ ಪೆಟ್ಟಿನೊಂದಿಗೇ ಇಳಿದರು. ಅದೇ ರಾಷ್ಟ್ರೀಯ ಕ್ರೀಡಾಂಗಣಕ್ಕೆ 31 ಸಾವಿರಕ್ಕೂ ಹೆಚ್ಚು ಜನ ಬಂದಿದ್ದರು; ಜಪಾನ್ 3-0 ಗೆದ್ದಿತು. 'ನಾದೆಶಿಕೊ ಜಪಾನ್' ಎಂಬ ಅಡ್ಡಹೆಸರನ್ನು ಸಾರ್ವಜನಿಕರಿಂದ ಕೇಳಿ ಆರಿಸಿದ್ದೂ ಆ ಬೇಸಿಗೆಯಲ್ಲೇ. ಅಂದರೆ ಕರೆದರೆ ಬರುವ ಜನ ಇದ್ದರು. ಆಮೇಲೆ ಮತ್ತೆ ತೂಬು ಮುಚ್ಚಿತು. ಈ ಆಟಗಾರ್ತಿಯರು ಅಂಗಡಿ, ಕಚೇರಿ, ಕಾರ್ಖಾನೆಯ ಕೆಲಸ ಮುಗಿಸಿ ಸಂಜೆ ಅಭ್ಯಾಸಕ್ಕೆ ಬರುವ ದಿನಚರಿಗೆ ಮರಳಿದರು.

ಎಂಥ ಕಾರ್ಖಾನೆ ಎಂದೂ ಹೇಳಬೇಕು. ಫುಕುಶಿಮಾದಲ್ಲಿ ಟೋಕಿಯೊ ವಿದ್ಯುತ್ ಕಂಪೆನಿ ಟೆಪ್ಕೊದ 'ಮರೀಜೆ' ಎಂಬ ಹೆಂಗಸರ ತಂಡ ಇತ್ತು. ಅದರ ಆಟಗಾರ್ತಿಯರು ಹಗಲಲ್ಲಿ ಅಲ್ಲಿನ ಅಣುಸ್ಥಾವರದ ನೌಕರರು. 2011ರ ಮಾರ್ಚ್ 11ರಂದು ಭೂಕಂಪ, ಸುನಾಮಿ ಬಂದು ಸ್ಥಾವರ ಸಿಡಿಯಿತು. ಅಭ್ಯಾಸದ ಮೈದಾನಗಳಿದ್ದ ಜೆ-ವಿಲೇಜ್ ಪರಿಹಾರ ಕಾರ್ಯದ ಶಿಬಿರವಾಯಿತು. ಮರೀಜೆ ತಂಡದ ಆಟ ನಿಂತಿತು, ಅದೇ ವರ್ಷ ತಂಡವೇ ಇಲ್ಲವಾಯಿತು. ಆ ತಂಡದ ಆಯಾ ಸಮೇಶಿಮಾ, ಮೊದಲು ಅಲ್ಲೇ ಆಡಿ ಸ್ಥಾವರದಲ್ಲಿ ದುಡಿದಿದ್ದ ಕರೀನಾ ಮರುಯಾಮಾ ಇಬ್ಬರೂ ನಾಲ್ಕು ತಿಂಗಳ ನಂತರ ಜರ್ಮನಿಯ ವಿಶ್ವಕಪ್‌ನಲ್ಲಿದ್ದರು.

ಆ ಕೂಟದ ಕತೆಯನ್ನು ಗೊತ್ತಿದ್ದವರೂ ಇನ್ನೊಮ್ಮೆ ಕೇಳಲಿ. ಗುಂಪಿನ ಹಂತದಲ್ಲಿ ಮೆಕ್ಸಿಕೊ ವಿರುದ್ಧ ಸಾವಾ ಮೂರು ಗೋಲು. ಕ್ವಾರ್ಟರ್ ಫೈನಲ್‌ನಲ್ಲಿ ಎದುರಾಳಿ ಆತಿಥೇಯ ಜರ್ಮನಿ, ಹಿಂದಿನ ಎರಡೂ ಕಪ್ ಗೆದ್ದ ತಂಡ. ಕೋಚ್ ನೊರಿಯೊ ಸಸಾಕಿ ಪಂದ್ಯಕ್ಕೆ ಮುಂಚೆ ಸುನಾಮಿಯ ಚಿತ್ರಗಳನ್ನು ತಂಡಕ್ಕೆ ತೋರಿಸಿದರು. ಹೆಚ್ಚುವರಿ ಸಮಯದಲ್ಲಿ ಒಂದೇ ಗೋಲು, ಹೊಡೆದವರು ಮರುಯಾಮಾ. ಸೆಮಿಫೈನಲ್‌ನಲ್ಲಿ ಸ್ವೀಡನ್ 3-1. ಜುಲೈ 17ರಂದು ಫ್ರಾಂಕ್‌ಫರ್ಟ್‌ನಲ್ಲಿ ಅಮೆರಿಕದೊಂದಿಗೆ ಫೈನಲ್. ಜಪಾನ್ ಎರಡು ಸಲ ಹಿಂದೆ ಬಿತ್ತು. ಮೊದಲ ಸಲ 81ನೇ ನಿಮಿಷದಲ್ಲಿ ಅಯಾ ಮಿಯಾಮಾ ಸರಿಗಟ್ಟಿದರು. ಎರಡನೇ ಸಲ 117ನೇ ನಿಮಿಷದಲ್ಲಿ ಅದೇ ಮಿಯಾಮಾ ಹೊಡೆದ ಕಾರ್ನರಿಗೆ, ಹತ್ತಿರದ ಕಂಬದ ಕಡೆ ಓಡಿಬಂದ ಸಾವಾ, ಗೋಲಿಗೆ ಹೆಚ್ಚುಕಡಿಮೆ ಬೆನ್ನು ಮಾಡಿಕೊಂಡೇ, ಬಲಗಾಲಿನ ಹೊರಬದಿಯಿಂದ ಚೆಂಡನ್ನು ಒಳಕ್ಕೆ ತಿರುಗಿಸಿದರು. ಎಷ್ಟು ಸಲ ನೋಡಿದರೂ ಆ ಕಾಲು ಅಲ್ಲಿಗೆ ಹೇಗೆ ಬಂತು ಎಂದು ನನಗೆ ಅರ್ಥವಾಗಿಲ್ಲ. ಪೆನಾಲ್ಟಿಯಲ್ಲಿ ಜಪಾನ್ 3-1. ಹಿರಿಯರ ಫುಟ್‌ಬಾಲ್ ವಿಶ್ವಕಪ್ ಗೆದ್ದ ಮೊದಲ ಏಷ್ಯಾದ ದೇಶ. ಗಂಡಸರಲ್ಲಿ ಆ ಸಾಲಿನಲ್ಲಿ ಇವತ್ತಿಗೂ ಯಾರೂ ಇಲ್ಲ.

ಭಾರತದ ಗಡಿಯಾರದಲ್ಲಿ ಆ ಫೈನಲ್ ಶುರುವಾದಾಗ ನಡುರಾತ್ರಿ ದಾಟಿತ್ತು. ನಾನು ನಿದ್ದೆ ಮಾಡುತ್ತಿದ್ದೆ. ನಿದ್ದೆಗೆಟ್ಟು ನೋಡುವ ಅಭ್ಯಾಸ ಇಲ್ಲದವನೇನಲ್ಲ. ಗಂಡಸರ ಯೂರೋಪಿಯನ್ ಪಂದ್ಯಗಳಿಗೆ ಎಷ್ಟೋ ರಾತ್ರಿ ಎದ್ದು ಕೂತಿದ್ದೇನೆ. 2002ರಲ್ಲಿ ಪತ್ರಿಕೆಯಿಂದ ನಕಾತಾನ ಚಿತ್ರ ಕತ್ತರಿಸಿ ಇಟ್ಟುಕೊಂಡವನು ನಾನು, ಅವನ ಕೂದಲಿನ ಬಣ್ಣ ಕೂಡ ನೆನಪಿದೆ. ಮರುದಿನ ಬೆಳಗ್ಗೆ ಸಾವಾ ಎಂಬ ಹೆಸರನ್ನು ಮೊದಲ ಸಲ ಓದಿದೆ. ಆಗ ಅವರು ಐದನೇ ವಿಶ್ವಕಪ್ ಆಡಿ ಮುಗಿಸಿದ್ದರು. ಹದಿನೆಂಟು ವರ್ಷ ಆ ಹೆಸರು ನನಗೆ ತಲುಪಲಿಲ್ಲ ಎಂದರೆ, ಅದನ್ನು 'ನನ್ನ ಇಷ್ಟ' ಎಂದು ಕರೆಯಲು ನನಗೆ ನಾಚಿಕೆಯಾಗುತ್ತದೆ. ಕಾಣದ್ದನ್ನು ಇಷ್ಟಪಡಲಿಲ್ಲ, ಅಷ್ಟೆ. ಇಲ್ಲಿ ನಮ್ಮ ಕ್ರಿಕೆಟ್ ನೆನಪಾದರೆ ನಾನು ಬೇಡ ಎನ್ನುವುದಿಲ್ಲ, ಆದರೆ ಅದು ಬೇರೆಯೇ ಲೇಖನ.

ಗೆಳೆಯರು ಇನ್ನೊಂದು ಅಸ್ತ್ರ ತೆಗೆದರು. "ಸಾವಾಗೆ ಗೌರವ ಸಿಕ್ಕಲಿಲ್ಲ ಅಂತ ಹೇಗೆ ಹೇಳ್ತೀರಿ? ಮೆಸ್ಸಿ ಪಕ್ಕ ಕೂತು ಪ್ರಶಸ್ತಿ ತಗೊಂಡರಲ್ಲ?" ನಿಜ. 2012ರ ಜನವರಿಯಲ್ಲಿ ಜ್ಯೂರಿಕ್‌ನಲ್ಲಿ ಕಿಮೊನೊ ಉಟ್ಟು, ಮಾರ್ತಾ, ಆಬಿ ವಾಂಬ್ಯಾಕ್ ಇಬ್ಬರನ್ನೂ ಹಿಂದಿಕ್ಕಿ ಫಿಫಾ ಪ್ರಶಸ್ತಿ ಪಡೆದರು. ಜಪಾನ್ ಸರ್ಕಾರ ಇಡೀ ತಂಡಕ್ಕೆ ರಾಷ್ಟ್ರೀಯ ಗೌರವ ಪ್ರಶಸ್ತಿ ಕೊಟ್ಟಿತು. ತಂಡವೊಂದಕ್ಕೆ ಅದು ಸಂದದ್ದು ಅದೇ ಮೊದಲು. ಮತ್ತು ಈ ಎಲ್ಲ ಆದ ಆರು ತಿಂಗಳಿಗೆ ಆ ವಿಮಾನ. ಹಾರ ಹಾಕುವುದಕ್ಕೆ ಒಂದು ಸಂಜೆ ಸಾಕು. ದೀಪ ಉರಿಸುವುದಕ್ಕೆ ಪ್ರತಿವಾರ ಎಣ್ಣೆ ಬೇಕು. ಕಜುವಿಗೆ ಸಿಕ್ಕದ್ದು ಎಣ್ಣೆ; ನಲವತ್ತು ದಾಟಿದರೂ, ಐವತ್ತು ದಾಟಿದರೂ, ಹತ್ತು ನಿಮಿಷಕ್ಕೆ ಇಳಿದರೂ ಸುದ್ದಿ.

ಹೆಂಗಸರ ಆಟ ನಿಧಾನ, ಗುಣಮಟ್ಟ ಬೇರೆ, ಹಾಗಾಗಿ ಹೋಲಿಕೆಯೇ ತಪ್ಪು ಎನ್ನುವವರೂ ಇದ್ದಾರೆ. ಇವರಿಗೆ ಕಜುವನ್ನೇ ತೋರಿಸಬೇಕು. ನಾಲ್ಕನೇ ದರ್ಜೆಯ ಲೀಗ್‌ನಲ್ಲಿ 58 ವರ್ಷದ ಮನುಷ್ಯನ ಓಟವನ್ನು ನೋಡಲು ಜನ ಬರುತ್ತಿದ್ದದ್ದು ವೇಗಕ್ಕೇ? ಅವರು ನೋಡಲು ಬಂದದ್ದು ಮೂವತ್ತು ವರ್ಷದಿಂದ ತಮ್ಮ ಮನೆಯ ಟೀವಿಯಲ್ಲಿದ್ದ ಒಬ್ಬ ಮನುಷ್ಯನನ್ನು. ದೋಹಾದಲ್ಲಿ ತಮ್ಮ ಜೊತೆ ಅತ್ತವನನ್ನು. ಪರಿಚಯದಿಂದ ಹುಟ್ಟುವ ಆ ಮಮತೆಗೆ ನಾನು ಕೈಮುಗಿಯುತ್ತೇನೆ. ಆದರೆ ಪರಿಚಯ ಮಾಡಿಸಿದವರು ಯಾರು, ಯಾರನ್ನು ಪರಿಚಯಿಸಲಿಲ್ಲ ಎಂಬ ಪ್ರಶ್ನೆ ಉಳಿದೇ ಇದೆ. ಗಂಡಸಿನ ವಿಷಯದಲ್ಲಿ ಕತೆ ಸಾಕು, ಹೆಂಗಸಿನ ವಿಷಯಕ್ಕೆ ಬಂದಾಗ ಸ್ಟಾಪ್‌ವಾಚ್ ತೆಗೆಯುತ್ತೇವೆ.

ನನ್ನ ವಾದಕ್ಕೆ ತೊಡಕಾಗುವ ಸಂಗತಿಯೂ ಒಂದಿದೆ, ಅದನ್ನು ಮುಚ್ಚಿಡುವುದಿಲ್ಲ. 2021ರ ಸೆಪ್ಟೆಂಬರಿನಲ್ಲಿ ಜಪಾನಿನಲ್ಲಿ ಹೆಂಗಸರ ವೃತ್ತಿಪರ ಲೀಗ್ ಶುರುವಾಯಿತು, ಹೆಸರು ವೀ-ಲೀಗ್. ಹನ್ನೊಂದು ಕ್ಲಬ್ಬು. ಪಂದ್ಯಕ್ಕೆ ಸರಾಸರಿ ಐದು ಸಾವಿರ ಜನ ಎಂಬ ಗುರಿ. ಮೊದಲ ಸೀಸನ್ನುಗಳಲ್ಲಿ ಎರಡು ಸಾವಿರವೂ ದಾಟಲಿಲ್ಲ. ಗೆಳೆಯರು ಇದನ್ನು ಹಿಡಿದು, ನೋಡಿ, ಲೀಗ್ ಕೊಟ್ಟರೂ ಜನ ಬರಲಿಲ್ಲ ಎನ್ನಬಹುದು. ನಾನು ತಾರೀಕು ನೋಡಿ ಎನ್ನುತ್ತೇನೆ. 2011ರ ಜುಲೈ 24ರಂದು, ಕಪ್ ಗೆದ್ದ ಒಂದು ವಾರಕ್ಕೆ, ಸಾವಾ ಸೇರಿದ್ದ ಐನಾಕ್ ಕೋಬೆಯ ಲೀಗ್ ಪಂದ್ಯಕ್ಕೆ 17 ಸಾವಿರಕ್ಕೂ ಹೆಚ್ಚು ಜನ ಬಂದರು. ಆ ಬಿಸಿ ಇದ್ದಾಗ ವೃತ್ತಿಪರ ಲೀಗ್ ಬರಲಿಲ್ಲ. ಬಂದದ್ದು ಹತ್ತು ವರ್ಷ ತಡವಾಗಿ, ಕೊರೊನಾದ ನಡುವೆ, ಖಾಲಿ ಗ್ಯಾಲರಿಗಳ ಕಾಲದಲ್ಲಿ. ಸಾವಾ ಅಷ್ಟರಲ್ಲಿ ನಿವೃತ್ತರಾಗಿ ಆರು ವರ್ಷ. ಕಬ್ಬಿಣ ತಣ್ಣಗಾದ ಮೇಲೆ ಸುತ್ತಿಗೆ ತಂದು, ಕಬ್ಬಿಣವೇ ಸರಿಯಿಲ್ಲ ಎಂದ ಹಾಗಾಯಿತು.

ಟೀವಿಯ ಮಾತನ್ನೂ ಹೇಳಿಬಿಡುತ್ತೇನೆ. 2023ರ ಹೆಂಗಸರ ವಿಶ್ವಕಪ್ ಜುಲೈ 20ಕ್ಕೆ ಶುರು. ಒಮ್ಮೆ ಕಪ್ ಗೆದ್ದು ಇನ್ನೊಮ್ಮೆ ಫೈನಲ್ ಆಡಿದ ಜಪಾನಿನಲ್ಲಿ, ಕೂಟಕ್ಕೆ ಒಂದು ವಾರ ಇರುವವರೆಗೂ ಪ್ರಸಾರದ ಹಕ್ಕನ್ನು ಯಾರೂ ಕೊಂಡಿರಲಿಲ್ಲ. ಜುಲೈ 13ರಂದು ಕೊನೆಗೂ ಸಾರ್ವಜನಿಕ ವಾಹಿನಿ ಎನ್‌ಎಚ್‌ಕೆ ಮುಂದೆ ಬಂತು. ಒಂದು ವಾರ ತಡೆದಿದ್ದರೆ, ಪಂದ್ಯಗಳು ಟೀವಿಯಲ್ಲಿ ಬರದೆ ಹೋಗಿ, ಜಪಾನಿನ ಜನ ಹೆಂಗಸರ ಫುಟ್‌ಬಾಲ್ ನೋಡಲಿಲ್ಲ ಎಂದು ಅಂಕಿಅಂಶವೂ ಸಿದ್ಧವಾಗುತ್ತಿತ್ತು.

ಸಾವಾ ಅಂಕಿಗಳನ್ನು ಇಷ್ಟು ಹೊತ್ತು ಬೇಕೆಂದೇ ಹೇಳಿರಲಿಲ್ಲ. ದೇಶಕ್ಕೆ 205 ಪಂದ್ಯ, 83 ಗೋಲು. ಕಮಾಮೊಟೊ, ಕಜು, ಒಕಾಜಾಕಿ ಯಾರೂ ಆ ಸಂಖ್ಯೆಗಳನ್ನು ಮುಟ್ಟಿಲ್ಲ. 1995ರಿಂದ 2015ರವರೆಗೆ ಆರು ವಿಶ್ವಕಪ್, ನಾಲ್ಕು ಒಲಿಂಪಿಕ್ಸ್. ಅದರಲ್ಲೂ ಅವರು ಮುಂಚೂಣಿಯಲ್ಲಿ ನಿಂತು ಗೋಲಿಗೆ ಕಾಯುವವರಾಗಿರಲಿಲ್ಲ; ಆ ವಿಶ್ವಕಪ್‌ನಲ್ಲಿ ಆಡಿದ್ದು ರಕ್ಷಣೆಯ ಮುಂದಿನ ಮಿಡ್‌ಫೀಲ್ಡಿನಲ್ಲಿ, ಎದುರಾಳಿಯ ಕಾಲಿನಿಂದ ಚೆಂಡು ಕಸಿಯುವ ಜಾಗದಲ್ಲಿ. ಅಲ್ಲಿಂದ ಎದ್ದುಬಂದು ಐದು ಗೋಲು. 2015ರ ಡಿಸೆಂಬರ್ 27ರಂದು ಕೊನೆಯ ಪಂದ್ಯ, ಸಾಮ್ರಾಜ್ಞಿ ಕಪ್ಪಿನ ಫೈನಲ್. 37ನೇ ವಯಸ್ಸು. ಪಂದ್ಯದ ಒಂದೇ ಒಂದು ಗೋಲು ಕಾರ್ನರಿನಿಂದ ಬಂದ ಚೆಂಡಿಗೆ ಸಾವಾ ತಲೆಕೊಟ್ಟದ್ದು. 20 ಸಾವಿರಕ್ಕೂ ಹೆಚ್ಚು ಜನ ನೋಡಿದರು. ಆ ಪಂದ್ಯ ನಡೆದದ್ದು ಕವಾಸಾಕಿಯ ತೊದೊರೊಕಿ ಕ್ರೀಡಾಂಗಣದಲ್ಲಿ, ಒಂದು ಕಾಲಕ್ಕೆ ವರ್ಡಿಯ ತವರು ಮೈದಾನ. ಕಜು ಕುಣಿದ ಹುಲ್ಲು ಅದೇ.

ಮರೀಜೆ ತಂಡದ ಕತೆಯನ್ನು ಅರ್ಧಕ್ಕೆ ಬಿಟ್ಟಿದ್ದೆ. ಬೀದಿಪಾಲಾದ ಆ ಆಟಗಾರ್ತಿಯರನ್ನು 2012ರಲ್ಲಿ ಸುನಾಮಿಗೆ ಸಿಕ್ಕ ಇನ್ನೊಂದು ಊರು ಸೆಂದಾಯ್ ಕರೆದುಕೊಂಡಿತು. ಅಲ್ಲಿನ ಕ್ಲಬ್ಬು ಅವರನ್ನಿಟ್ಟುಕೊಂಡು ಹೊಸ ತಂಡ ಕಟ್ಟಿತು. ಮುಂದೆ ಹೆಸರು, ಪ್ರಾಯೋಜಕರು ಬದಲಾದರೂ ತಂಡ ಉಳಿಯಿತು. ಪ್ರಸಾರದ ಹಕ್ಕು ಕೊನೇ ವಾರ ಮಾರಾಟವಾದ ಆ 2023ರ ವಿಶ್ವಕಪ್‌ನಲ್ಲಿ ಐದು ಗೋಲು ಹೊಡೆದು, ಸಾವಾ ನಂತರ ಚಿನ್ನದ ಬೂಟು ಗೆದ್ದ ಜಪಾನಿನ ಆಟಗಾರ್ತಿ ಹಿನಾತಾ ಮಿಯಾಜಾವಾ. ಆಗ ಅವರು ಆಡುತ್ತಿದ್ದದ್ದು ಈ ಸೆಂದಾಯ್ ತಂಡಕ್ಕೆ. ಅದೇ ಸೆಪ್ಟೆಂಬರಿನಲ್ಲಿ ಮ್ಯಾಂಚೆಸ್ಟರ್ ಯುನೈಟೆಡ್ ಅವರನ್ನು ಕೊಂಡಿತು. ಗೆಳೆಯರಿಗೆ ಈ ಹೆಸರು ಹೇಳಿದೆ. ಅವರು ಫೋನ್ ತೆಗೆದು ಹುಡುಕತೊಡಗಿದರು, ಮ್ಯಾಂಚೆಸ್ಟರಿನ ಅಭಿಮಾನಿ ಅವರು, ಇಪ್ಪತ್ತೈದು ವರ್ಷದಿಂದ.